ಮಗಳು ಮಾಡಿದ ನೆಲ

ಮೇಸ್ತ್ರಿ ಕುರ್ಚಿಯ ಮೇಲೆ ಕೂತು ಉಂಡದ್ದು ಆ ಮನೆಯಲ್ಲಿ ದೊಡ್ಡ ಸುದ್ದಿ. ಮೂವತ್ತು ವರ್ಷ ಕಂಡವರ ಮನೆಗೆಲ್ಲ ಟೈಲ್ಸ್ ಹಾಸಿದ ಮನುಷ್ಯ. ಉಣ್ಣಲಿ, ಪೇಪರು ಓದಲಿ, ಜಗಳ ಆಡಲಿ, ನೆಲ ಬಿಟ್ಟು ಏಳುತ್ತಿರಲಿಲ್ಲ. ಈಗ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಪರಿಚಯವಿಲ್ಲದ ಮನೆಗೆ ಬಂದ ನೆಂಟನ ಹಾಗೆ ಮುದುರಿ ಕೂತಿದ್ದ.

“ಡಾಕ್ಟರು ಏನಂದ್ರು, ಪೂರ್ತಿ ಹೇಳೋ,” ಎಂದಳು ಅಜ್ಜಿ. ಅಜ್ಜಿ ಎಂದರೆ ಮೇಸ್ತ್ರಿಯ ತಾಯಿ. ಎಂಬತ್ತರಲ್ಲೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

“ಅಂದ್ರಲ್ಲ. ಮೊಣಕಾಲಲ್ಲಿ ಏನೋ ಸವೆದಿದೆಯಂತೆ.”

“ಆಮೇಲೆ?”

“ಆಮೇಲೇನು? ಇನ್ನೊಂದು ಸೌಟು ಬೇಳೆ ಹಾಕು ಅಂತ ಹೇಳು ನಿನ್ನ ಸೊಸೆಗೆ.”

ಸೊಸೆ ಬೇಳೆ ಹಾಕಿದಳು. ಗಂಡ ನುಂಗಿಕೊಂಡ ಮಾತನ್ನೂ ಅವಳೇ ಆಡಿದಳು. “ಇನ್ಮೇಲೆ ಮೊಣಕಾಲೂರಿ ಕೂರೋ ಹಾಗಿಲ್ಲವಂತೆ ಅತ್ತೆ. ಒಂದು ದಿನಕ್ಕೂ.”

ಅವಳನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುವವಳು. ಗಂಡನ ಮುಖ ನೋಡಿ ಅವನ ಹೊಟ್ಟೆಯೊಳಗಿನದನ್ನು ಹೇಳಬಲ್ಲವಳು. ಆ ಹೊತ್ತು ಅವನ ಹೊಟ್ಟೆಯಲ್ಲಿ ಇನ್ನೊಂದು ಮಾತೂ ಇತ್ತು. ಅದನ್ನು ಹೊರಗೆ ತರಲು ಎರಡು ಲೋಟ ಚಹಾ ಬೇಕಾಯಿತು.

ಟೈಲ್ಸ್ ಅಂಗಡಿಯ ಸಾಹುಕಾರರು ಅವನನ್ನು ಕರೆಸಿದ್ದರು. ಗಿರಾಕಿಗಳ ಮನೆಗೆ ಹೋಗಿ ಅಳತೆ ತಂದು, ಹಾಸಿದ ಮೇಲೆ ನೆಲ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತೋರಿಸುವ ಆಸಾಮಿ ಕೆಲಸ ಬಿಟ್ಟು ಹೋಗಿದ್ದನಂತೆ. “ಕುರ್ಚಿ ಕೆಲಸ ಮೇಸ್ತ್ರಿ. ನಿಮ್ಮಷ್ಟು ಟೈಲ್ಸ್ ಗೊತ್ತಿರೋರು ನನಗೂ ಸಿಗಲ್ಲ. ತಿಂಗಳ ಕೊನೆವರೆಗೆ ಜಾಗ ಖಾಲಿ ಇಟ್ಟಿರ್ತೀನಿ, ಕಂಪ್ಯೂಟರಲ್ಲಿ ತೋರಿಸೋದೊಂದು ಕಲಿತುಬಿಡಿ,” ಎಂದಿದ್ದರು. ಅಲ್ಲೇ ಕೂರಿಸಿ ಅಂಗಡಿಯ ಪ್ರೋಗ್ರಾಮನ್ನು ತೆರೆದೂ ಕೊಟ್ಟಿದ್ದರು.

“ಮೇಲ್ಗಡೆ ಇರುವೆ ಸಾಲಿನ ಹಾಗೆ ಚಿತ್ರ. ಅರವತ್ತೋ ಎಪ್ಪತ್ತೋ. ಒಂದನ್ನ ಒತ್ತಿದೆ, ಇಡೀ ಕೋಣೆ ತಲೆಕೆಳಗಾಯ್ತು. ಇನ್ನೊಂದು ಒತ್ತಿದೆ, ಕೋಣೇನೇ ಮಾಯ. ಬಿಲ್ ಬರೆಯೋ ಹುಡುಗಿ ಕಿಸಕ್ಕಂತ ನಕ್ಕಳು,” ಎಂದು ಮೇಸ್ತ್ರಿ ಲೋಟ ಕೆಳಗಿಟ್ಟ. “ಎದ್ದು ಬಂದೆ.”

ಆಗ ಮಗಳು ತಲೆ ಎತ್ತಿದಳು. ಇಪ್ಪತ್ತೆರಡರ ಹುಡುಗಿ. ಬೆಳಗ್ಗೆ ಹಲ್ಲಿನ ಡಾಕ್ಟರ ಬಳಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ, ಸಂಜೆ ಪ್ರೋಗ್ರಾಮಿಂಗ್ ಕ್ಲಾಸು. ಡಾಕ್ಟರು ಬೇಡವೆಂದು ಮೂಲೆಗೆಸೆದಿದ್ದ ಲ್ಯಾಪ್‌ಟಾಪನ್ನು ಕೇಳಿ ತಂದುಕೊಂಡಿದ್ದಳು.

“ಅಪ್ಪಾ, ಎಪ್ಪತ್ತು ಚಿತ್ರ ನಿಂಗ್ಯಾಕೆ? ಕೋಣೆ ಉದ್ದ, ಅಗಲ, ಟೈಲಿನ ಅಳತೆ. ಇಷ್ಟು ಸಾಕಲ್ವಾ? ನಾನೇ ಒಂದು ಮಾಡಿಕೊಡ್ತೀನಿ.”

“ನೀನಾ?”

“ಹೂಂ. ಎರಡು ತಿಂಗಳಿಂದ ಕಲೀತಿಲ್ವಾ?”

“ನನ್ನ ಹತ್ರ ಎರಡು ತಿಂಗಳು ಕಲಿತವರಿಗೆ ನಾನು ಸಿಮೆಂಟು ಕಲಸೋಕೂ ಬಿಡ್ತಿರಲಿಲ್ಲ.”

“ಬಿಡಬೇಕಿತ್ತು,” ಎಂದಳು ಅಜ್ಜಿ. “ಬಿಟ್ಟಿದ್ರೆ ಇವತ್ತು ನಿನ್ನ ಮೊಣಕಾಲು ಇರ್ತಿತ್ತು.”

ಮೊದಲ ವಾರ ಹೊಲಿಗೆಯ ಮೇಜು ಎರಡು ಪಾಲಾಯಿತು. ಈ ತುದಿಯಲ್ಲಿ ನೀಲಿ ಬಟ್ಟೆಯ ರಾಶಿ, ಆ ತುದಿಯಲ್ಲಿ ಲ್ಯಾಪ್‌ಟಾಪು. ಮಗಳು ಮಧ್ಯಾಹ್ನ ಬಂದವಳು ಕೈ ತೊಳೆದು ಕೂತರೆ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಟೈಲರಮ್ಮ ಒಂದು ಕಾಲರು ಹೊಲಿದು ಒಂದು ತುತ್ತು ಬಾಯಿಗಿಡುವಳು, ಇನ್ನೊಂದು ಕಾಲರು ಹೊಲಿದು ಇನ್ನೊಂದು ತುತ್ತು. ಮಗಳು ಕಣ್ಣು ಪರದೆಯಿಂದ ಕೀಳದೆ ಬಾಯಿ ತೆರೆಯುವಳು.

“ಕೈ ಬಿದ್ದು ಹೋಗಿದೆಯಾ ಕೂಸಿಗೆ?” ಎಂದು ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು.

“ಕೈ ಕೆಲಸದಲ್ಲಿದೆ ಅತ್ತೆ.”

“ನಮ್ಮ ಕೈಯೂ ಕೆಲಸದಲ್ಲೇ ಇರ್ತಿತ್ತು. ನಮಗ್ಯಾರೂ ತುತ್ತಿಡಲಿಲ್ಲ.”

ಮೂರನೆಯ ದಿನ ಮಗಳು ಎಲ್ಲರನ್ನೂ ಕೂಗಿ ಕರೆದಳು. ಮೇಸ್ತ್ರಿ ಕುಂಟುತ್ತ ಬಂದ, ಅಜ್ಜಿ ಕನ್ನಡಕ ಹುಡುಕಿಕೊಂಡು ಬಂದಳು. ಪರದೆಯ ನಡುವೆ ಒಂದು ಬೂದು ಬಣ್ಣದ ಚೌಕ. ಚೌಕದಲ್ಲಿ ಏನೂ ಇರಲಿಲ್ಲ.

“ಇದು ಕಿಟಕಿ,” ಎಂದಳು ಮಗಳು ಹೆಮ್ಮೆಯಿಂದ. “ನಾನೇ ತೆರೆದದ್ದು.”

ಅಜ್ಜಿ ಬಗ್ಗಿ ನೋಡಿದಳು. “ಆಚೆ ಏನೂ ಕಾಣ್ತಿಲ್ಲವಲ್ಲೇ.”

ಮಾರನೆಯ ದಿನ ಬೂದು ಚೌಕದಲ್ಲಿ ‘ಉದ್ದ’, ‘ಅಗಲ’ ಎಂಬ ಅಕ್ಷರಗಳೂ ಅವುಗಳ ಪಕ್ಕ ಬಿಳಿ ಡಬ್ಬಿಗಳೂ ಬಂದವು. ಅದರ ಮಾರನೆಯ ದಿನ ‘ಹಾಸು’ ಎಂದು ಬರೆದ ಗುಂಡಿ ಬಂತು. ಮಗಳು ಅದನ್ನು ಒತ್ತಿದಳು. ಗುಂಡಿ ಒಳಗೆ ಹೋಗಿ ಹೊರಗೆ ಬಂತೇ ಹೊರತು ಬೇರೇನೂ ಆಗಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಹಾಗೇ. ಸಂಜೆಯ ತನಕ ಒತ್ತಿ ಒತ್ತಿ ಹುಡುಗಿಯ ಮುಖ ಬಾಡಿತು.

“ಒತ್ತಿದಾಗ ಏನು ಮಾಡಬೇಕು ಅಂತ ಗುಂಡಿಗೆ ಹೇಳಿದ್ದೀಯೇನೆ?” ಎಂದು ಟೈಲರಮ್ಮ ದಾರ ಕಚ್ಚಿ ತುಂಡರಿಸುತ್ತ ಕೇಳಿದಳು.

ಮಗಳು ತನ್ನ ಸಾಲುಗಳನ್ನು ಮೇಲಿಂದ ಕೆಳಗೆ ಓದಿ, ತಲೆ ಚಚ್ಚಿಕೊಂಡಳು. “ಹಾಸೋದು ಬರೆದಿದ್ದೀನಿ. ಗುಂಡೀನೂ ಬರೆದಿದ್ದೀನಿ. ಎರಡನ್ನೂ ಸೇರಿಸೇ ಇಲ್ಲಮ್ಮ.”

“ಅಷ್ಟೇ ತಾನೆ? ಗುಂಡಿ ಹಚ್ಚಿದ್ದೀಯ, ಕಾಜಾ ಕತ್ತರಿಸಿಲ್ಲ.”

ಅವತ್ತು ಅಡುಗೆಮನೆಗೆ ಬಂದು ಮಗಳು ತಾಯಿಯ ಬೆನ್ನಿಗೆ ಗಲ್ಲ ಒತ್ತಿ ನಿಂತಳು. “ಕ್ಲಾಸಿನಲ್ಲಿ ಒಂದು ಗಂಟೆ ಹೇಳಿದ್ದು ನೀನು ಒಂದೇ ಮಾತಲ್ಲಿ ಹೇಳಿದೆ,” ಎಂದಳು. “ಬಿಡೇ, ಬಾಣಲೆ ಬಿಸಿ ಇದೆ,” ಎಂದು ತಾಯಿ ಗದರಿದಳು. ಆದರೆ ಬಾಣಲೆ ಇಳಿಸುವ ತನಕ ಬೆನ್ನು ಸರಿಸಲಿಲ್ಲ.

ಎರಡನೆಯ ವಾರ ಮೇಸ್ತ್ರಿಯನ್ನು ಮುಂದೆ ಕೂರಿಸಿದರು. ಸಿಮೆಂಟಿನಲ್ಲಿ ಬಿರಿದು ಒರಟಾದ ಬೆರಳು ಒಂದು ಕೀಲಿಯನ್ನು ಒತ್ತಿದರೆ ಪಕ್ಕದ್ದೂ ಒತ್ತುತ್ತಿತ್ತು. ಕೊನೆಗೆ ಹೇಗೋ ‘10 ಅಡಿ 6’ ಎಂದು ತುಂಬಿ, ‘ಹಾಸು’ ಎಂದು ಒತ್ತಿದ. ಕಿಟಕಿ ಸತ್ತಂತೆ ನಿಂತಿತು. ಹಿಂದಿನಿಂದ ಕೆಂಪು ಅಕ್ಷರಗಳ ಸಾಲು ಸುರಿಯಿತು.

“ನಾನು ಮುಟ್ಟಿದ್ದಕ್ಕೇ ಕೆಟ್ಟುಹೋಯ್ತು.”

“ಕೆಟ್ಟಿಲ್ಲ ಅಪ್ಪಾ. ಬರೀ ಅಂಕಿ ಹಾಕಬೇಕು. ‘ಅಡಿ’ ಅಂತ ಬರೆದರೆ ಅದಕ್ಕೆ ಅರ್ಥ ಆಗಲ್ಲ.”

“ಬರೀ ಹತ್ತು ಅಂದ್ರೆ ಏನು? ಹತ್ತು ಕುರಿಯಾ?”

ಮಗಳು ಹಲ್ಲು ಕಚ್ಚಿಕೊಂಡು ಅಡಿಗೊಂದು ಡಬ್ಬಿ, ಇಂಚಿಗೊಂದು ಡಬ್ಬಿ ಮಾಡಿದಳು. ಗುಂಡಿಗಳನ್ನು ಅಪ್ಪನ ಹೆಬ್ಬೆರಳಷ್ಟು ದೊಡ್ಡದು ಮಾಡಿದಳು. ಮರುದಿನ ಮೇಸ್ತ್ರಿ ಒತ್ತಿದಾಗ ಚೌಕದ ಎಡಮೂಲೆಯಿಂದ ಒಂದೊಂದೇ ಟೈಲು ಮೂಡಿ ಸಾಲುಗಟ್ಟಿ ಹೋಯಿತು. ಹುಡುಗಿ ಉಸಿರು ಬಿಗಿಹಿಡಿದು ಅಪ್ಪನ ಮುಖ ನೋಡಿದಳು.

ಅಪ್ಪನ ಮುಖ ಕೆಂಪಾಗಿತ್ತು. “ಮೂಲೆಯಿಂದ ಶುರು ಮಾಡೋದನ್ನ ನಿಂಗೆ ಯಾರು ಹೇಳಿಕೊಟ್ರು?”

“ಅಂದ್ರೆ?”

“ಯಾವ ಕಳ್ಳ ಮೂಲೆಯಿಂದ ಹಾಸ್ತಾನೆ? ನನ್ನ ಮಗಳಾಗಿ ಮೂಲೆಯಿಂದ ಹಾಸಿದೆಯಲ್ಲೇ. ಇದನ್ನ ನಾನು ಅಂಗಡಿಯಲ್ಲಿ ತೋರಿಸಿದ್ರೆ ಮೂವತ್ತು ವರ್ಷದ ಹೆಸರು ಮಣ್ಣಾಗುತ್ತೆ.”

“ನೀನು ಯಾವತ್ತಾದರೂ ಹೇಳಿದ್ದೀಯಾ?” ಹುಡುಗಿಯ ಧ್ವನಿ ಏರಿತು. “ನಿನ್ನ ಒಂದೇ ಒಂದು ನೆಲವನ್ನೂ ನಾನು ನೋಡಿಲ್ಲ! ಅಮ್ಮನೂ ನೋಡಿಲ್ಲ. ಎಲ್ಲ ಬೇರೆಯವರ ಮನೆ ಒಳಗಿದೆ. ನಾವು ನೋಡಿದ್ದು ನಿನ್ನ ಕೊಳೆ ಬಟ್ಟೆ ಒಂದೇ.”

ಲ್ಯಾಪ್‌ಟಾಪು ಪಟ್ಟೆಂದು ಮುಚ್ಚಿತು. ಮೇಸ್ತ್ರಿ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದ.

ಎರಡು ದಿನ ಮಾತಿಲ್ಲ, ಕತೆಯಿಲ್ಲ. “ಅಮ್ಮಾ, ಉಪ್ಪು ಬೇಕಾ ಕೇಳು ಅಪ್ಪನ್ನ.” “ಉಪ್ಪು ಸರಿಯಾಗಿದೆ ಅಂತ ಹೇಳು ನಿನ್ನ ಮಗಳಿಗೆ.” ಮೂರಡಿ ದೂರದಲ್ಲಿ ಕೂತವರ ಮಾತನ್ನು ಅತ್ತಿಂದಿತ್ತ ಹೊತ್ತು ಟೈಲರಮ್ಮನಿಗೆ ಸಾಕಾಗಿ ಹೋಯಿತು.

“ಇಬ್ಬರಿಗೂ ಮೂಗಿನ ತುದೀಲೇ ಕೋಪ,” ಎಂದಳು ಅಜ್ಜಿ. “ನಮ್ಮ ಕಡೆಯಿಂದ ಬಂದಿದ್ದಲ್ಲ ಅದು.”

“ಮತ್ತೆ ನನ್ನ ತವರಿಂದ ಬಂತೇನು ಅತ್ತೆ?”

“ನಾನು ಹಾಗಂದೆನಾ?”

ಮೂರನೆಯ ದಿನ, ಚಹಾದ ಹೊತ್ತಿಗೆ, ಟೈಲರಮ್ಮ ಗಂಡನ ಮುಂದೆ ಚಹಾದ ಜೊತೆ ದೊಡ್ಡ ಖಾಲಿ ತಟ್ಟೆಯೊಂದನ್ನು ತಂದಿಟ್ಟಳು. ಉದ್ದನೆಯ, ನಾಲ್ಕು ಮೂಲೆಯ ತಟ್ಟೆ. ಅದರ ಮೇಲೆ ಒಂದು ಪೊಟ್ಟಣ ಚೌಕ ಬಿಸ್ಕತ್ತು ಸುರಿದಳು.

“ಇದೇನೇ ಇಷ್ಟೊಂದು?”

“ತಟ್ಟೆ ಕೋಣೆ ಅಂದುಕೊಳ್ಳಿ. ನಂಗೆ ಹಾಸಿ ತೋರಿಸಿ.”

“ನಿಂಗ್ಯಾಕೆ ಈಗ?”

“ಇಪ್ಪತ್ತೈದು ವರ್ಷ ನಿಮ್ಮ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕಿದ್ದೀನಿ ರೀ. ಯಾತಕ್ಕೆ ಹರಿದದ್ದು ಅಂತ ನೋಡ್ಬೇಕು.”

ಮೇಸ್ತ್ರಿ ಅವಳ ಮುಖ ನೋಡಿದ. ಹಾಸ್ಯವೋ ನಿಜವೋ ತಿಳಿಯಲಿಲ್ಲ. ಆಮೇಲೆ ಚಹಾದ ಚಮಚವನ್ನು ತಟ್ಟೆಯ ಒಂದು ಬದಿಯ ನಡುವೆ ಇಟ್ಟ.

“ಇದು ಬಾಗಿಲು. ಮನೆಗೆ ಬಂದವರು ಇಲ್ಲಿ ನಿಲ್ತಾರೆ. ಅವರ ಕಣ್ಣು ಮೊದಲು ಬೀಳೋದು ಇಲ್ಲಿ.” ಬಾಗಿಲ ಎದುರಿಗೆ ಒಂದು ಬಿಸ್ಕತ್ತು ಇಟ್ಟ. “ಹಾಗಾಗಿ ಇದು ಮೊದಲು. ಇದರಿಂದ ಎಡಕ್ಕೊಂದು, ಬಲಕ್ಕೊಂದು. ಸಮ ಸಮ. ನೋಡು, ಎರಡೂ ಕಡೆ ಗೋಡೆ ಹತ್ರ ಸ್ವಲ್ಪ ಸ್ವಲ್ಪ ಜಾಗ ಉಳೀತಾ?”

“ಹೂಂ. ಬೆರಳಗಲ.”

“ಬೆರಳಗಲದ ತುಂಡು ಹಾಕಿದ್ರೆ ಅದನ್ನ ನಾವು ಕಡ್ಡಿ ಅಂತೀವಿ. ನೋಡೋಕೂ ಕೆಟ್ಟದು, ಬಾಳಿಕೇನೂ ಬರಲ್ಲ. ಕಡ್ಡಿ ಬಂತು ಅಂದ್ರೆ ಇಡೀ ಸಾಲನ್ನ ಅರ್ಧ ಟೈಲು ಸರಿಸಿಬಿಡ್ಬೇಕು. ಈಗ ನಡುವೆ ಬಿಸ್ಕತ್ತಿನ ಬದಲು ಸಂದಿ ಬಂತು. ಒಂದು ಬಿಸ್ಕತ್ತು ತೆಗೀತೀನಿ. ಎರಡೂ ಕಡೆ ಅರ್ಧಕ್ಕಿಂತ ದೊಡ್ಡ ತುಂಡು. ಹೇಗಿದೆ?”

ಸಾಲು ಸಾಲಾಗಿ ಬಿಸ್ಕತ್ತು ಬಾಗಿಲಿನಿಂದ ಒಳಕ್ಕೆ ಹರಡಿತು. ಅವನ ಬೆರಳು ಕೀಲಿಯ ಮೇಲೆ ತಡಕಾಡಿದ್ದ ಬೆರಳೇ ಅಲ್ಲವೆಂಬಂತೆ, ತುದಿಯಲ್ಲಿ ಮುಟ್ಟಿ, ತಟ್ಟಿ, ಸಂದಿಯನ್ನು ಕೂದಲೆಳೆಯಷ್ಟು ಸರಿಪಡಿಸಿತು. ಟೈಲರಮ್ಮ ಗಲ್ಲಕ್ಕೆ ಕೈಯಿಟ್ಟು ನೋಡುತ್ತ ಕೂತಳು.

“ಚೆನ್ನಾಗಿದೆ ರೀ,” ಎಂದಳು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮಗಳು ನಲ್ಲಿ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಒದ್ದೆ ಕೈಯಲ್ಲೇ ಬಂದು ನಿಂತಳು. “ಬಾಗಿಲು ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಇದ್ರೆ ಅಪ್ಪಾ?”

ಮೇಸ್ತ್ರಿ ಚಮಚವನ್ನು ಸರಿಸಿದ. “ಹಾಗೆ ಕೇಳು ಮತ್ತೆ. ಕೂತ್ಕೋ.”

ಅವರಿಬ್ಬರೂ ಎದ್ದಾಗ ಅಜ್ಜಿ ಅರ್ಧ ಕೋಣೆ ತಿಂದು ಮುಗಿಸಿದ್ದಳು.

ಮೂರನೆಯ ವಾರದ ಕೊನೆಗೆ ಕಿಟಕಿಯಲ್ಲಿ ಮೂರು ದಪ್ಪ ಗುಂಡಿಗಳಿದ್ದವು: ‘ಹಾಸು’, ‘ಅರ್ಧ ಸರಿಸು’, ‘ಅಳಿಸು’. ಬಾಗಿಲನ್ನು ಮೌಸಿನಿಂದ ಹಿಡಿದು ಬೇಕಾದ ಗೋಡೆಗೆ ಎಳೆದು ಇಡಬಹುದಿತ್ತು. ಮೇಸ್ತ್ರಿ ದಿನಕ್ಕೊಂದು ಗಂಟೆ ಅದರ ಮುಂದೆ ಕೂತು ಇಲ್ಲದ ಮನೆಗಳಿಗೆಲ್ಲ ಟೈಲ್ಸ್ ಹಾಸಿದ.

ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಸಾಹುಕಾರರು ಹೇಳಿ ಕಳಿಸಿದರು. ಅಂಗಡಿಯ ಹಿಂದಿನ ಬೀದಿಯಲ್ಲಿ ನಿವೃತ್ತ ಟೀಚರೊಬ್ಬರು ನಡುಮನೆಯ ನೆಲ ಕೀಳಿಸಿದ್ದಾರೆ. ಅಳತೆ ತೆಗೆದು ಹತ್ತು ಗಂಟೆಗೆ ಅಂಗಡಿಗೆ ಬನ್ನಿ, ಅವರಿಗೇ ತೋರಿಸಿ, ನಾನೂ ನೋಡುತ್ತೇನೆ.

ಮೇಸ್ತ್ರಿ ಬಗ್ಗುವಂತಿಲ್ಲವಲ್ಲ, ಟೇಪಿನ ತುದಿ ಹಿಡಿಯಲು ಟೈಲರಮ್ಮ ಜೊತೆಗೆ ಹೋದಳು. ಆ ಟೇಪು ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಕೆಲಸ ಕಲಿಸಿದ ಗುರು ಕೊಟ್ಟದ್ದು. ಯಾವುದೋ ಕಾಲದಲ್ಲಿ ಅದರ ತುದಿ ಮುರಿದು ಮೊದಲ ಎರಡಿಂಚು ಹೋಗಿತ್ತು. ಹಾಗಾಗಿ ಅದು ಯಾವಾಗಲೂ ಎರಡಿಂಚು ಹೆಚ್ಚು ತೋರಿಸುತ್ತಿತ್ತು. “ಎರಡಿಂಚು ಹೋದರೇನು, ಮಿಕ್ಕಿದ್ದು ನಿಯತ್ತಾಗಿದೆ,” ಎಂದು ಮೇಸ್ತ್ರಿ ಅದನ್ನು ಬಿಟ್ಟಿರಲಿಲ್ಲ.

ಟೈಲರಮ್ಮ ಗೋಡೆಯ ಬುಡಕ್ಕೆ ತುದಿ ಒತ್ತಿ ಹಿಡಿದಳು. ಮೇಸ್ತ್ರಿ ಆ ಕಡೆ ನಿಂತು ಓದಿದ: “ಬಾಗಿಲ ಗೋಡೆ, ಹದಿನಾಲ್ಕು ಅಡಿ ನಾಲ್ಕು.”

ಟೀಚರಮ್ಮ ಪಕ್ಕದಲ್ಲೇ ನಿಂತಿದ್ದರು. ಅವರ ಎದುರಿಗೆ ‘ರೀ, ಟೇಪಿನ ಎರಡಿಂಚು ಮರೆತ್ರಿ’ ಎಂದು ಗಂಡನ ಮಾನ ಕಳೆಯುವುದು ಹೇಗೆ? ಅವಳು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಎರಡು ಕಳೆದು, ಚೀಟಿಯಲ್ಲಿ ‘14 ಅಡಿ 2’ ಎಂದು ಬರೆದಳು. ಮಿಕ್ಕ ಅಳತೆಗಳಿಗೂ ಹಾಗೇ ಮಾಡಿದಳು.

ಹಲ್ಲಿನ ಡಾಕ್ಟರ ಬಳಿ ರಜೆ ಕೇಳಿ ಬಂದಿದ್ದ ಮಗಳು ಅಂಗಡಿಯಲ್ಲಿ ಲ್ಯಾಪ್‌ಟಾಪು ತೆರೆದು ಕಾಯುತ್ತಿದ್ದಳು. ಸಾಹುಕಾರರು ಎದುರು ಕುರ್ಚಿಯಲ್ಲಿ, ಟೀಚರಮ್ಮ ಪಕ್ಕದಲ್ಲಿ. ಬಿಲ್ ಬರೆಯುವ ಹುಡುಗಿಯೂ ಕತ್ತು ಉದ್ದ ಮಾಡಿದ್ದಳು. ಮೇಸ್ತ್ರಿ ಇಸ್ತ್ರಿ ಅಂಗಿಯ ತೋಳು ಮಡಚಿ ಕೂತ. ಎಲ್ಲ ಗಮನ ಬೆರಳಿನ ಮೇಲೆ. ಚೀಟಿ ನೋಡಿ ಒಂದೊಂದೇ ಅಂಕಿ ಹುಡುಕಿ ಒತ್ತಿದ. ಬಾಗಿಲನ್ನು ಎಳೆದು ಗೋಡೆಯ ನಡುವೆ ಇಟ್ಟ. ಟೈಲಿನ ಡಬ್ಬಿಯಲ್ಲಿ ಎರಡಡಿ. ‘ಹಾಸು.’

ಬಾಗಿಲ ಎದುರಿನಿಂದ ಟೈಲುಗಳು ಎಡಕ್ಕೂ ಬಲಕ್ಕೂ ಹರಿದವು. ಒಂದು, ಮೂರು, ಐದು, ಏಳು. ಏಳನೆಯದು ಹೋಗಿ ಗೋಡೆಗೆ ಮುತ್ತಿಟ್ಟಂತೆ ನಿಂತಿತು. ಕತ್ತರಿಸುವುದೇ ಇಲ್ಲ. ಈ ಗೋಡೆಯಿಂದ ಆ ಗೋಡೆಗೆ ಏಳೂ ಇಡೀ ಟೈಲು.

“ಶಹಬ್ಬಾಸ್!” ಸಾಹುಕಾರರು ಮೇಜು ತಟ್ಟಿದರು. “ಒಂದು ಕಟಿಂಗ್ ಇಲ್ಲ! ಟೀಚರಮ್ಮ, ನಿಮ್ಮ ಅದೃಷ್ಟ ನೋಡಿ. ಮೇಸ್ತ್ರಿ, ಗೆದ್ದುಬಿಟ್ರಿ.”

“ಎಷ್ಟು ಚೆಂದ ಕೂತಿದೆ,” ಎಂದರು ಟೀಚರಮ್ಮ.

ಮಗಳ ಮುಖ ಅರಳಿತು. ಟೈಲರಮ್ಮ ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡಳು. ಕೆಲಸ ಕೈಗೆ ಬಂತು, ಇನ್ನೇನು ಎದ್ದು ಕೈಮುಗಿಯುವುದೊಂದೇ ಬಾಕಿ.

ಮೇಸ್ತ್ರಿ ಏಳಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಪರದೆಯನ್ನೇ ದಿಟ್ಟಿಸಿದ.

“ಇದು ತಪ್ಪು,” ಎಂದ.

“ಏನು?”

“ತಪ್ಪಾಗಿದೆ ಸಾಹುಕಾರ್ರೆ. ಇದರ ಪ್ರಕಾರ ಟೈಲು ಕಳಿಸಬೇಡಿ.”

“ಕಂಪ್ಯೂಟರು ತಪ್ಪು ಲೆಕ್ಕ ಹಾಕುತ್ತೇನ್ರೀ?”

“ಅದೆಲ್ಲ ನಂಗೆ ಗೊತ್ತಿಲ್ಲ. ಬೆಳಗ್ಗೆ ಆ ಬಾಗಿಲಲ್ಲಿ ನಿಂತು ನೋಡಿದೀನಿ. ಆ ಕೋಣೇಲಿ ಎರಡೂ ಕಡೆ ಕಡ್ಡಿ ಉಳೀಬೇಕು. ಇಲ್ಲಿ ಉಳಿದಿಲ್ಲ.”

ಬಿಲ್ ಬರೆಯುವ ಹುಡುಗಿ ಪೆನ್ನು ಕೆಳಗಿಟ್ಟಳು. ಮಗಳ ಕಣ್ಣು ತುಂಬಿ ಬಂತು. “ಅಪ್ಪಾ, ನಾನು ಹತ್ತು ಸಲ ನೋಡಿದೀನಿ. ಲೆಕ್ಕ ಸರಿ ಇದೆ.”

“ನಿನ್ನ ತಪ್ಪು ಅಂದೆನಾ ಮರಿ? ತಪ್ಪು ಅಂದೆ. ಯಾರದು ಅಂತ ಹುಡುಕೋಣ ಬಾ.” ಮೇಜು ಹಿಡಿದು ಎದ್ದ. “ಸಾಹುಕಾರ್ರೆ, ನಿಮ್ಮ ಟೇಪೊಂದು ಕೊಡಿ. ಅರ್ಧ ಗಂಟೆ.”

ಸಾಹುಕಾರರು ಗಡಿಯಾರ ನೋಡಿದರು, ನಿಟ್ಟುಸಿರಿಟ್ಟರು, ಟೇಪು ಹಿಡಿದುಕೊಂಡು ತಾವೂ ಹೊರಟರು. ದಾರಿಯುದ್ದಕ್ಕೂ ಟೈಲರಮ್ಮ ಮಗಳ ಕೈ ಬಿಡಲಿಲ್ಲ. ಇಡೀ ತಿಂಗಳು ಕಾಲರು ಹೊಲಿಯುತ್ತ ಇಟ್ಟ ತುತ್ತೆಲ್ಲ ನೆನಪಾಗಿ, ಗಂಡನ ಮೇಲೆ ಸಿಟ್ಟೂ ಬಂತು. ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು?

ಟೀಚರಮ್ಮನ ನಡುಮನೆಯಲ್ಲಿ ಸಾಹುಕಾರರೇ ಅಳೆದರು. “ಹದಿನಾಲ್ಕು ಅಡಿ ನಾಲ್ಕು.”

“ನಾನೂ ಅದನ್ನೇ ಅಲ್ವಾ ಹೇಳಿದ್ದು!” ಮೇಸ್ತ್ರಿ ಚೀಟಿ ಬಿಡಿಸಿದ. “ಇದರಲ್ಲಿ ಎರಡು ಅಂತಿದೆ?”

ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. “ನಾನು ಕಳೆದೆ.”

“ಏನು ಕಳೆದೆ?”

“ನಿಮ್ಮ ಟೇಪಿನ ಎರಡಿಂಚು. ನೀವು ಮರೆತಿರೇನೋ ಅಂತ... ಎಲ್ಲರ ಮುಂದೆ ಹೇಗೆ ಹೇಳೋದು?”

“ಅಯ್ಯೋ ಪುಣ್ಯಾತ್ಗಿತ್ತಿ! ನಾನು ಬಾಯಲ್ಲಿ ಹೇಳೋದೇ ಕಳೆದು. ಟೇಪಲ್ಲಿ ಆರು ಇತ್ತು, ನಾಲ್ಕು ಅಂದೆ!”

“ಹಾಗಾದರೂ ಹದಿನಾಲ್ಕು ಎರಡು ಆಯ್ತಲ್ಲ,” ಎಂದರು ಟೀಚರಮ್ಮ, ಪಾಠ ಮಾಡಿದವರ ಅಭ್ಯಾಸ. “ಏಳು ಟೈಲಿಗೆ ಸರಿಯಾಗಿ ಹದಿನಾಲ್ಕೇ ಅಡಿ. ಇನ್ನೆರಡಿಂಚು ಎಲ್ಲಿಗೆ ಹೋಯ್ತು?”

ಮಗಳು ನೆಲ ನೋಡುತ್ತಿದ್ದಳು.

“ಅಪ್ಪಾ,” ಎಂದಳು ಸಣ್ಣ ಧ್ವನಿಯಲ್ಲಿ. “ನಾನೂ ಕಳೆದಿದ್ದೀನಿ.”

“ನೀನು ಎಲ್ಲಿ?”

“ಪ್ರೋಗ್ರಾಮಿನ ಒಳಗೆ. ಯಾರಿಗೂ ಕಾಣದ ಹಾಗೆ ಒಂದು ಸಾಲು ಬರೆದಿಟ್ಟಿದ್ದೆ, ಬಂದ ಅಳತೆಯಲ್ಲಿ ಎರಡು ಕಳಿ ಅಂತ. ಅಂಗಡಿಯವರ ಮುಂದೆ ನಿಂಗೆ ಅವಮಾನ ಆಗಬಾರದು ಅಂತ...”

ಮೇಸ್ತ್ರಿ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ತುಟಿ ಅದುರಿತು. ಬೈಯುತ್ತಾನೆಂದು ಟೈಲರಮ್ಮ ಹೆಗಲು ಕುಗ್ಗಿಸಿದಳು. ಅವನಿಗೆ ನಗು ಬಂದಿತ್ತು. ನೆಲ ಕಿತ್ತ ಖಾಲಿ ಕೋಣೆಯಲ್ಲಿ ಆ ನಗು ನಾಲ್ಕೂ ಗೋಡೆಗೆ ಬಡಿಯಿತು. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ತಾಯಿ ಮಗಳು ಒಬ್ಬರ ಹೆಗಲಿಗೊಬ್ಬರು ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಾಹುಕಾರರು ನಗಲಿಲ್ಲ. “ನಾನು ಏಳೇ ಸಾಲು ಅಂತ ಮಾಲು ಕಳಿಸಿದ್ದಿದ್ರೆ?”

“ಎರಡೂ ಗೋಡೆ ಬುಡದಲ್ಲಿ ಎರಡೆರಡು ಇಂಚು ಮಣ್ಣು ಕಾಣ್ತಿತ್ತು ಸಾಹುಕಾರ್ರೆ.”

ಮಗಳು ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು ಆ ಒಂದು ಸಾಲನ್ನು ಅಳಿಸಿದಳು. ಮೇಸ್ತ್ರಿ ಮತ್ತೆ ಅಂಕಿ ತುಂಬಿದ, ಈ ಸಲ ಚೀಟಿ ನೋಡದೆ. ‘ಹಾಸು.’ ಏಳು ಟೈಲು, ಎರಡೂ ಗೋಡೆಗೆ ಎರಡೆರಡು ಇಂಚಿನ ಕಡ್ಡಿ. “ಬಂತಾ?” ಎಂದ, ಕಳೆದುಹೋದ ಕುರಿ ಸಿಕ್ಕವನ ಹಾಗೆ. “ಟೀಚರಮ್ಮ, ಇಲ್ಲಿ ಬನ್ನಿ. ಬಾಗಿಲಲ್ಲಿ ನಿಲ್ಲಿ. ದಿನಾ ಬೆಳಗ್ಗೆ ಈ ಕಡ್ಡಿ ನಿಮ್ಮ ಕಣ್ಣು ಚುಚ್ಚುತ್ತೆ. ಅದಕ್ಕೇ ಹೀಗೆ ಮಾಡೋಣ.” ‘ಅರ್ಧ ಸರಿಸು.’ ನಡುವೆ ಆರು ಇಡೀ ಟೈಲು, ಎರಡೂ ಕಡೆ ಹದಿನಾಲ್ಕು ಹದಿನಾಲ್ಕು ಇಂಚಿನ ಅಗಲದ ತುಂಡು. ಟೀಚರಮ್ಮ ಪರದೆ ನೋಡಿದರು, ಖಾಲಿ ನೆಲ ನೋಡಿದರು, ತಲೆಯಾಡಿಸಿದರು. ಆಮೇಲೆ ಹತ್ತು ಪ್ರಶ್ನೆ ಕೇಳಿದರು. ಮೇಸ್ತ್ರಿ ಹತ್ತಕ್ಕೂ ಪರದೆಯ ಮೇಲೆ ಬೆರಳಿಟ್ಟು ಉತ್ತರ ಹೇಳಿದ.

ಸಾಹುಕಾರರು ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಎಂದರು: “ಒಂದನೇ ತಾರೀಕಿಂದ ಬನ್ನಿ. ಆ ಟೇಪು ಮಾತ್ರ ತರಬೇಡಿ.” ಮಗಳ ಕಡೆ ತಿರುಗಿ, “ಇದನ್ನ ನಮ್ಮ ಅಂಗಡಿ ಕಂಪ್ಯೂಟರಿಗೂ ಹಾಕಿಕೊಡ್ತೀಯೇನಮ್ಮ?” ಎಂದು ಕೇಳಿದರು.

ಹುಡುಗಿ ಅಪ್ಪನ ಮುಖ ನೋಡಿದಳು. “ನನ್ನನ್ನೇನು ನೋಡ್ತೀಯ? ನಿನ್ನ ಕೆಲಸ, ನೀನು ಹೇಳು,” ಎಂದ ಮೇಸ್ತ್ರಿ.

ಮಧ್ಯಾಹ್ನ ಊಟಕ್ಕೆ ಕೂತು ಕತೆಯೆಲ್ಲ ಹೇಳಿದಾಗ ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. “ಮೂರು ಜನ ಇದ್ದೀರಿ. ಒಬ್ಬ ಮೇಸ್ತ್ರಿ, ಒಬ್ಬಳು ಟೈಲರು, ಒಬ್ಬಳು ಕಂಪ್ಯೂಟರು. ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೊಸ ಟೇಪು ತಗೊಳ್ಳೋಣ ಅನ್ನಿಸಲಿಲ್ವಾ?”



ಒಂದನೇ ತಾರೀಕು ಅವಸರದಲ್ಲಿ ಮೇಸ್ತ್ರಿ ಊಟದ ಡಬ್ಬಿ ಬಿಟ್ಟು ಹೋದ. ಹನ್ನೆರಡೂವರೆಗೆ ಟೈಲರಮ್ಮ ಅದನ್ನು ಹಿಡಿದು ಅಂಗಡಿಗೆ ನಡೆದಳು. ಗಾಜಿನ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಅವನ ಎದುರು ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಕೂತಿದ್ದರು. ಅವರ ಕೋಣೆ ಒಂದು ಕಡೆ ಮಡಚಿದ ಮೊಣಕೈಯಂತೆ ತಿರುಗುತ್ತದಂತೆ. ಪರದೆಯಲ್ಲಿ ನಾಲ್ಕು ಮೂಲೆಯ ಕೋಣೆ ಬಿಟ್ಟು ಬೇರೆ ಬರುತ್ತಿರಲಿಲ್ಲ.

“ಬರಲ್ವಾ ಇದರಲ್ಲಿ?” ಎಂದು ಗಿರಾಕಿ ಕೇಳಿದ.

ಬಾಗಿಲು ತಳ್ಳಲು ಎತ್ತಿದ್ದ ಕೈಯನ್ನು ಟೈಲರಮ್ಮ ಇಳಿಸಿದಳು. ಬಿಲ್ ಬರೆಯುವ ಹುಡುಗಿ ಈ ಕಡೆ ನೋಡಿದಳು. ಮೇಸ್ತ್ರಿ ಗಾಬರಿಯಾಗಲಿಲ್ಲ. ಖಾಲಿ ಹಾಳೆಯೊಂದನ್ನು ಎಳೆದುಕೊಂಡು, ಪೆನ್ಸಿಲಿನಲ್ಲಿ ಬಾಗಿಲು ಬರೆದು, ಬಾಗಿಲಿನಿಂದ ಸಾಲು ಎಳೆಯತೊಡಗಿದ.

“ಇವತ್ತಿಗೆ ಇದರಲ್ಲಿ ತೋರಿಸ್ತೀನಿ. ನಾಲ್ಕು ದಿನ ಬಿಟ್ಟು ಬನ್ನಿ, ಅದರಲ್ಲೂ ಬರುತ್ತೆ,” ಎಂದ. ಪರದೆಯ ಕಡೆ ತಲೆಯಾಡಿಸಿ, ತನ್ನ ಬಳಿ ಹೊಸದಾಗಿ ಕೆಲಸಕ್ಕೆ ಸೇರಿದವರ ಬಗ್ಗೆ ಯಾವತ್ತೂ ಆಡಿರದ ಮೆತ್ತನೆಯ ಧ್ವನಿಯಲ್ಲಿ ಹೇಳಿದ: “ಇದಿನ್ನೂ ಚಿಕ್ಕದು. ಕಲೀತಾ ಇದೆ. ನಮ್ಮ ಹುಡುಗಿ ಕಲಿಸ್ತಾಳೆ.”

ಗಿರಾಕಿಗಳು ಹಾಳೆಯ ಮೇಲೆ ಬಗ್ಗಿದರು. ಟೈಲರಮ್ಮ ಒಳಗೆ ಹೋಗಲಿಲ್ಲ. ಮನೆಯಲ್ಲಿ ಹನ್ನೆರಡು ಅಂಗಿಗೆ ತೋಳು ಹಚ್ಚುವುದಿತ್ತು, ಆದರೂ ಹೋಗಲಿಲ್ಲ. ಬಿಸಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಅವನು ಆ ಕೋಣೆಯ ತಿರುವಿನ ತನಕ ಹಾಸಿ ಮುಗಿಸಲಿ ಎಂದು ಗಾಜಿನ ಈಚೆಗೆ ನಿಂತು ಕಾದಳು.